ಮೊದಲ ಭೇಟಿಯಲ್ಲೇ ತೀರ್ಪು

ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಎಂದು 1916ರಲ್ಲಿ ಬರೆದ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಅವರನ್ನು ಬೈಯುವುದು ಈಗ ಸುಲಭ. ಆಗಿನ ಕೊಯ್ತ ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಬೀಳುತ್ತಿತ್ತು, ಕ್ರೇಗಿನ್ ಎಚ್ಚರಿಸಹೊರಟಿದ್ದು ಮೊದಲ ಸಿಸೇರಿಯನ್ನಿಗೇ ಅವಸರಪಡಬೇಡಿ ಎಂದು, ತಮ್ಮ ನಿಯಮಕ್ಕೆ ಅಪವಾದಗಳಿವೆಯೆಂದೂ ಅವರೇ ಒಪ್ಪಿದ್ದರು. ಇದೆಲ್ಲ ಬಲ್ಲವರಿಗೆ ಗೊತ್ತಿರುವ ಸಂಗತಿ. ನನ್ನ ತಕರಾರು ಆ ಹಳೆಯ ವಾಕ್ಯದ ಮೇಲಲ್ಲ, ಅದರ ಜಾಗಕ್ಕೆ ಬಂದು ಕೂತ ಶೇಕಡಾ ಲೆಕ್ಕದ ಮೇಲೆ. 2007ರಲ್ಲಿ ವಿಲಿಯಂ ಗ್ರೋಬ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ, ಸಿಸೇರಿಯನ್ ಆದವಳಿಗೆ ಮುಂದೆ ನಾರ್ಮಲ್ ಹೆರಿಗೆ ಆಗುವ ಸಾಧ್ಯತೆ ಎಷ್ಟೆಂದು ಹೇಳುವ ಸೂತ್ರ ಅದು. ವಿಬ್ಯಾಕ್ ಕ್ಯಾಲ್ಕುಲೇಟರ್ ಎಂಬ ಹೆಸರಲ್ಲಿ ಅಮೆರಿಕದ ಹೆರಿಗೆ ಆಸ್ಪತ್ರೆಗಳಲ್ಲಿ ಒಂದೂವರೆ ದಶಕ ಅದಕ್ಕೆ ಸಿಕ್ಕ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಈಗಿನ ತಿದ್ದಿದ ರೂಪಕ್ಕೆ ಸಿಗುತ್ತಿರುವ ಮರ್ಯಾದೆಯೂ ಹಾಗೆಯೇ.

ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗಲೇ ಲೆಕ್ಕ ಹಾಕಬಹುದು ಎಂಬುದೇ ಈ ಸೂತ್ರದ ಆಕರ್ಷಣೆ. ‘ಮೊದಲನೇದು ಸಿಸೇರಿಯನ್ ಆಗಿದೆ, ಎರಡನೇದು ನಾರ್ಮಲ್ ಆಗುತ್ತಾ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ಅಲ್ಲೇ ಒಂದು ಅಂಕಿ ಸಿಗುತ್ತದೆ. ಪ್ರಶ್ನೆ ಕೇಳಿದವಳಿಗೂ ಉತ್ತರಿಸಬೇಕಾದವರಿಗೂ ಅದರಿಂದ ಸಿಗುವ ನಿರಾಳ ಎಷ್ಟೆಂದು ನಾನು ಬಲ್ಲೆ. ಅದಕ್ಕೇ ಸೂತ್ರವನ್ನು ಬಿಡಿಸಿ ನೋಡುವವರು ಕಡಿಮೆ.

ಬಿಡಿಸಿ ನೋಡೋಣ. ಲೆಕ್ಕ 3.766ರಿಂದ ಶುರುವಾಗುತ್ತದೆ. ವಯಸ್ಸಿನ ಪ್ರತಿ ವರ್ಷಕ್ಕೆ 0.039 ಕಳೆಯಬೇಕು, ಬಿಎಂಐನ ಪ್ರತಿ ಅಂಕಕ್ಕೆ 0.060. ಹಿಂದೆ ಯಾವಾಗಲಾದರೂ ನಾರ್ಮಲ್ ಹೆರಿಗೆ ಆಗಿದ್ದರೆ 0.888 ಕೂಡಬೇಕು, ಅದು ಸಿಸೇರಿಯನ್ ಆದ ಮೇಲಿನದಾಗಿದ್ದರೆ ಇನ್ನೂ 1.003. ನೋವು ಬಂದೂ ಹೆರಿಗೆ ಮುಂದುವರಿಯದ್ದಕ್ಕೇ ಹಿಂದಿನ ಸಿಸೇರಿಯನ್ ಮಾಡಿದ್ದರೆ 0.632 ಕಳೆಯಬೇಕು. ಹೆಂಗಸು ಕಪ್ಪುಜನಾಂಗದವಳಾದರೆ 0.671, ಹಿಸ್ಪಾನಿಕ್ ಮೂಲದವಳಾದರೆ 0.680 ಕಳೆಯಬೇಕು. ಕೊನೆಗೆ ಉಳಿದದ್ದನ್ನು ಶೇಕಡಾವಾರಿಗೆ ತಿರುಗಿಸಿಕೊಳ್ಳುವುದು.

ಮೂವತ್ತು ವರ್ಷದ, ಬಿಎಂಐ 28 ಇರುವ ಒಬ್ಬಳನ್ನು ಊಹಿಸಿಕೊಳ್ಳಿ. ಮೊದಲ ಮಗು ಹೊಟ್ಟೆಯಲ್ಲಿ ತಲೆಕೆಳಗಾಗಿ ತಿರುಗದೆ ಕಾಲು ಮುಂದಾಗಿದ್ದರಿಂದ ಸಿಸೇರಿಯನ್ ಆಗಿತ್ತು. ಅವಳಿಗೆ ಬರುವ ಉತ್ತರ ಶೇ. 71. ಉಳಿದೆಲ್ಲ ಹಾಗೇ ಇದ್ದು ಆಕೆ ಕಪ್ಪುಜನಾಂಗದವಳಾದರೆ ಶೇ. 56. ಇನ್ನು ಬಿಳಿಯಳೇ ಆಗಿದ್ದು, ಹಿಂದಿನ ಹೆರಿಗೆಯಲ್ಲಿ ಗಂಟೆಗಟ್ಟಲೆ ನೋವು ತಿಂದೂ ಗರ್ಭಕೋಶದ ಬಾಯಿ ತೆರೆಯದೆ ಆಪರೇಷನ್ ಆಗಿತ್ತೆನ್ನಿ, ಅವಳಿಗೆ ಶೇ. 57. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹೆರಿಗೆ ನಿಜವಾಗಿ ನಿಂತುಹೋದದ್ದು ಒಬ್ಬಳ ಪ್ರಸೂತಿ ಇತಿಹಾಸದ ಅತಿ ಮುಖ್ಯ ಸಂಗತಿಗಳಲ್ಲೊಂದು. ಈ ಸೂತ್ರದಲ್ಲಿ ಅದಕ್ಕಿಂತ ಚರ್ಮದ ಬಣ್ಣಕ್ಕೇ ತೂಕ ಹೆಚ್ಚು. 0.671ನ್ನು 0.039ರಿಂದ ಭಾಗಿಸಿದರೆ ಹದಿನೇಳು ಬರುತ್ತದೆ. ಅಂದರೆ ಮೂವತ್ತರ ಕಪ್ಪು ಹೆಂಗಸು ಈ ಲೆಕ್ಕದಲ್ಲಿ ನಲವತ್ತೇಳರ ಬಿಳಿಯಳಿಗೆ ಸಮ. ಗೆಲ್ಲುವ ಸಾಧ್ಯತೆ ಶೇ. 60ರಿಂದ 70ಕ್ಕಿಂತ ಕೆಳಗಿದ್ದರೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವುದಕ್ಕಿಂತ ಮತ್ತೆ ಸಿಸೇರಿಯನ್ನೇ ತಾಯಿಗೆ ಕಡಿಮೆ ತೊಂದರೆಯದು ಎಂಬ ತಿಳಿವಳಿಕೆ ವೈದ್ಯರಲ್ಲಿ ಮೊದಲೇ ಇತ್ತು. ಶೇ. 71 ಆ ಗೆರೆಯ ಮೇಲೆ, ಶೇ. 56 ಕೆಳಗೆ. ಎಷ್ಟೋ ಹೆಂಗಸರ ಬಾಗಿಲು ಮುಚ್ಚಿದ್ದು ಇಷ್ಟರಿಂದಲೇ.

ಇದೇ ದತ್ತಾಂಶದಲ್ಲಿ ಮದುವೆಯಾಗಿರುವುದಕ್ಕೂ ವಿಮೆಯ ಬಗೆಗೂ ನಾರ್ಮಲ್ ಹೆರಿಗೆಯೊಂದಿಗೆ ಸಂಬಂಧ ಕಂಡಿತ್ತು. ಆದರೆ ಅವು ಸೂತ್ರದೊಳಗೆ ಬರಲಿಲ್ಲ. ದರ್ಶಾಲಿ ವ್ಯಾಸ್ ಮತ್ತು ಸಂಗಡಿಗರು 2019ರಲ್ಲಿ ಇದನ್ನೇ ಎತ್ತಿ ತೋರಿಸಿದರು. ವಿಮೆ ಎಂಥದ್ದು ಎಂಬುದು ಆಸ್ಪತ್ರೆಯವರು ಆಕೆಯನ್ನು ಹೇಗೆ ನೋಡಿಕೊಂಡರು ಎಂಬುದರ ಸುಳಿವು. ಅದನ್ನು ಬಿಟ್ಟು ಜನಾಂಗವನ್ನು ಇಟ್ಟುಕೊಂಡರೆ ಆಸ್ಪತ್ರೆಯ ನಡವಳಿಕೆ ಆಕೆಯ ಮೈಯ ಗುಣವಾಗಿಬಿಡುತ್ತದೆ. ಈ ಸೂತ್ರದ ಮೂಲ ದೋಷ ಇದೇ.

2021ರಲ್ಲಿ ಗ್ರೋಬ್‌ಮನ್ ತಂಡವೇ ಜನಾಂಗವನ್ನು ತೆಗೆದು, ಚಿಕಿತ್ಸೆಯಲ್ಲಿರುವ ದೀರ್ಘಕಾಲದ ರಕ್ತದೊತ್ತಡವನ್ನು ಸೇರಿಸಿ ಹೊಸ ಸೂತ್ರ ಕೊಟ್ಟಿತು. ಜನಾಂಗ ತೆಗೆದರೆ ನಿಖರತೆ ಕೆಡುತ್ತದೆ ಎಂದು ವಾದಿಸುತ್ತಿದ್ದವರಿಗೆ ಅದೇ ಉತ್ತರ: ಹಳೆಯದರ ನಿಖರತೆಯೂ ಸುಮಾರು 0.75, ಹೊಸದರದೂ ಅಷ್ಟೇ. ನಾರ್ಮಲ್ ಆದವಳೊಬ್ಬಳನ್ನೂ ಆಗದವಳೊಬ್ಬಳನ್ನೂ ಜೋಡಿ ಮಾಡಿ ನಿಲ್ಲಿಸಿದರೆ ನೂರರಲ್ಲಿ ಎಪ್ಪತ್ತೈದು ಜೋಡಿಗಳಲ್ಲಿ ಸೂತ್ರ ಸರಿಯಾದವಳಿಗೆ ಹೆಚ್ಚು ಅಂಕ ಕೊಡುತ್ತದೆ. ಕಣ್ಣುಮುಚ್ಚಿ ಹೇಳಿದರೂ ಐವತ್ತು ಸರಿಯಾಗುತ್ತದೆ. ಇದು ಕೆಲಸಕ್ಕೆ ಬಾರದ್ದಲ್ಲ, ಆದರೆ ಒಬ್ಬಳ ಪಾಲಿಗೆ ತೀರ್ಪಾಗುವಷ್ಟು ಗಟ್ಟಿಯೂ ಅಲ್ಲ.

ಆದರೆ ತಿದ್ದುಪಡಿಯನ್ನು ಗೆಲುವೆಂದು ಸಾರಿದ ವಿಮರ್ಶಕರ ಜೊತೆ ನನಗೆ ಇನ್ನೂ ದೊಡ್ಡ ಜಗಳವಿದೆ. ಒಂದು ಕಾಲಂ ಅಳಿಸಿದ ಕೂಡಲೇ ಸೂತ್ರ ಶುದ್ಧವಾಯಿತೆಂದು ಅವರು ನಂಬಿದರು. ಹೊಸ ಸೂತ್ರದಲ್ಲೂ ವಯಸ್ಸು, ಎತ್ತರ, ತೂಕ, ರಕ್ತದೊತ್ತಡ, ಹಿಂದಿನ ಹೆರಿಗೆಗಳು ಇವೆಯೇ ಹೊರತು ಆಸ್ಪತ್ರೆ ಇಲ್ಲ. ಮೂಲ ದತ್ತಾಂಶ 1999ರಿಂದ 2002ರವರೆಗೆ ಅಮೆರಿಕದ 19 ಬೋಧನಾಸ್ಪತ್ರೆಗಳಲ್ಲಿ ಸಂಗ್ರಹವಾದದ್ದು. ಅದರಲ್ಲೂ ಸೂತ್ರಕ್ಕೆ ಸಿಕ್ಕವರು ಪ್ರಯತ್ನಕ್ಕೆ ಒಪ್ಪಿದ, ಒಪ್ಪಿಗೆ ಸಿಕ್ಕ ಹೆಂಗಸರು ಮಾತ್ರ. ಯಾವ ವೈದ್ಯರು ಎಷ್ಟು ಹೊತ್ತು ಕಾದರು, ಯಾರು ಮೊದಲ ಅಡಚಣೆಗೇ ಥಿಯೇಟರಿಗೆ ಒಯ್ದರು ಎಂಬುದು ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಹಿಂದೆ ಸಿಸೇರಿಯನ್ ಆಗಿದ್ದು 1996ರಲ್ಲಿ ಮತ್ತೆ ಹೆತ್ತವರಲ್ಲಿ ಶೇ. 28ರಷ್ಟು ಜನರಿಗೆ ನಾರ್ಮಲ್ ಆಯಿತು. 2004ರ ಹೊತ್ತಿಗೆ ಅದು ಶೇ. 10ಕ್ಕಿಂತ ಕೆಳಗಿಳಿಯಿತು. ಎಂಟು ವರ್ಷದಲ್ಲಿ ಹೆಂಗಸರ ಮೈಕಟ್ಟು ಅಷ್ಟು ಬದಲಾಗುವುದುಂಟೆ? ಗರ್ಭಕೋಶ ಹರಿಯುವ ಅಪಾಯದ ಬಗ್ಗೆ ಆತಂಕ ಹಬ್ಬಿತ್ತು. ತುರ್ತು ಆಪರೇಷನ್ ಮಾಡುವ ತಂಡ ತಕ್ಷಣಕ್ಕೆ ಸಿಗುವಂತಿರಬೇಕು ಎಂದು 1999ರಲ್ಲಿ ಅಲ್ಲಿಯ ಪ್ರಸೂತಿ ತಜ್ಞರ ಸಂಸ್ಥೆ ಬಿಗಿಪಡಿಸಿತು, ಸಣ್ಣ ಆಸ್ಪತ್ರೆಗಳು ಕೈಬಿಟ್ಟವು. ಬಸುರಿಯ ಎತ್ತರ ಅಳೆಯುವ ಸೂತ್ರಕ್ಕೆ ಇದು ಕಾಣುವುದೇ ಇಲ್ಲ.

ಅಂಕಿಯನ್ನು ಧೈರ್ಯದ ಪ್ರಮಾಣಪತ್ರದಂತೆ ಹಿಡಿದು ಓಡಾಡುವ ಸಹಜ ಹೆರಿಗೆಯ ಪ್ರಚಾರಕರದ್ದೂ ತಪ್ಪು ಓದೇ. ಶೇ. 71 ಎಂದರೆ ನಾರ್ಮಲ್ ಆಗುವ ಸಾಧ್ಯತೆ, ಸುರಕ್ಷಿತವಾಗಿರುವ ಸಾಧ್ಯತೆಯಲ್ಲ. ಉಳಿದ ಶೇ. 29 ಅಪಾಯವೂ ಅಲ್ಲ, ಅದು ನೋವು ಬಂದ ಮೇಲಿನ ಸಿಸೇರಿಯನ್. ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯ ಬೇರೆಯೇ ಲೆಕ್ಕ. ಅದೇ ಆಸ್ಪತ್ರೆಗಳ ದತ್ತಾಂಶದಿಂದ ಮಾರ್ಕ್ ಲ್ಯಾಂಡನ್ ತಂಡ 2004ರಲ್ಲಿ ಪ್ರಕಟಿಸಿದಂತೆ, ಪ್ರಯತ್ನಿಸಿದ 17,898 ಹೆಂಗಸರಲ್ಲಿ 124 ಜನರಿಗೆ ಹಾಗಾಯಿತು, ಅಂದರೆ ಸಾವಿರಕ್ಕೆ ಏಳು. ಪ್ರೊಸ್ಟಗ್ಲ್ಯಾಂಡಿನ್ ಕೊಟ್ಟು ನೋವು ಬರಿಸಿದರೆ ಅಪಾಯ ಏರುತ್ತದೆ, ಎರಡು ಹೆರಿಗೆಗಳ ನಡುವೆ ಅಂತರ ತೀರ ಕಡಿಮೆಯಿದ್ದರೂ ಏರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಈ ಎರಡೂ ಇಲ್ಲ. ಇನ್ನೊಂದು ಕಡೆಯ ತಕ್ಕಡಿಯನ್ನೂ ನೋಡಬೇಕು: ಮಾಸು ಕೆಳಗೆ ಕೂತಿದ್ದು ಆಗುತ್ತಿರುವುದು ಮೂರನೆಯ ಸಿಸೇರಿಯನ್ ಆಗಿದ್ದರೆ, ಮಾಸು ಗರ್ಭಕೋಶದ ಗೋಡೆಗೆ ಬೇರಿಳಿಸಿರುವ ಸಾಧ್ಯತೆ ಸುಮಾರು ಶೇ. 40 ಎಂದು ರಾಬರ್ಟ್ ಸಿಲ್ವರ್ ತಂಡ 2006ರಲ್ಲಿ ತೋರಿಸಿತು. ಇನ್ನೂ ಎರಡು ಮಕ್ಕಳು ಬೇಕೆನ್ನುವವಳಿಗೆ ಎರಡನೆಯ ಸಿಸೇರಿಯನ್ನಿನ ಬೆಲೆ ಮುಂದಿನ ಬಸುರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದೂ ಈ ಲೆಕ್ಕದ ಹೊರಗೆ.

ಇದು ದೂರದ ಜಗಳ ಎನ್ನುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ತಾಯಿ ಕಾರ್ಡಿನ ಮೇಲೆ ‘ಪ್ರೀವಿಯಸ್ ಎಲ್‌ಎಸ್‌ಸಿಎಸ್’ (ಹಿಂದೆ ಸಿಸೇರಿಯನ್ ಆಗಿದೆ) ಎಂದು ಬರೆಸಿಕೊಂಡು ಎರಡನೆಯ ಬಾರಿ ಬರುವವರ ಸಾಲು ಉದ್ದವಾಗುತ್ತಲೇ ಹೋಗುತ್ತದೆ. ಹಳೆಯ ಸೂತ್ರದಲ್ಲಿ ಈ ಹೆಂಗಸಿಗೆ ಮನೆಯೇ ಇರಲಿಲ್ಲ, ಕಪ್ಪೂ ಅಲ್ಲ ಹಿಸ್ಪಾನಿಕ್ಕೂ ಅಲ್ಲವೆಂದು ಬಿಳಿಯರ ಜೊತೆಗೇ ಎಣಿಸಲಾಗುತ್ತಿತ್ತು. ಹೊಸದರಲ್ಲಿ ಆ ಸಮಸ್ಯೆ ಇಲ್ಲ, ಆದರೆ ಅವಳ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡಕ್ಕೆ ಅರಿವಳಿಕೆ ವೈದ್ಯರು ಇರುತ್ತಾರೋ, ರಕ್ತ ಎಲ್ಲಿಂದ ಬರಬೇಕೋ ಎಂಬುದಕ್ಕೆ ಅದರಲ್ಲೂ ಕಾಲಂ ಇಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಗಡಿ ತಾಲ್ಲೂಕಿನಲ್ಲೂ ಒಬ್ಬಳೇ ಹೆಂಗಸಿಗೆ ಅದು ಒಂದೇ ಅಂಕಿ ಕೊಡುತ್ತದೆ.

ಅಂಕ ಕಡಿಮೆ ಎಂಬ ಕಾರಣಕ್ಕೆ ಪ್ರಯತ್ನಕ್ಕೆ ಅಡ್ಡ ಬರಬಾರದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯೇ 2021ರ ಕೊನೆಯಲ್ಲಿ ಹೇಳಿತು. ಒಳ್ಳೆಯದು, ಆದರೆ ಸಾಲದು. ಲೆಕ್ಕ ಆಸ್ಪತ್ರೆಯ ಕಡೆಯಿಂದಲೂ ಬರಬೇಕು. ಹಿಂದೆ ಸಿಸೇರಿಯನ್ ಆದ ಎಷ್ಟು ಜನ ಕಳೆದ ವರ್ಷ ಇಲ್ಲಿಗೆ ಬಂದರು, ಎಷ್ಟು ಜನರಿಗೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಲು ಬಿಟ್ಟಿರಿ, ಎಷ್ಟು ಜನಕ್ಕೆ ನಾರ್ಮಲ್ ಆಯಿತು, ಆಪರೇಷನ್ ಬೇಕೆಂದು ತೀರ್ಮಾನಿಸಿದ ಮೇಲೆ ರಾತ್ರಿ ಹೊತ್ತು ಎಷ್ಟು ನಿಮಿಷಕ್ಕೆ ಮಗು ಹೊರಬಂತು? ಈ ನಾಲ್ಕು ಅಂಕಿಗಳು ಪ್ರತಿ ಹೆರಿಗೆ ವಾರ್ಡಿನ ರಿಜಿಸ್ಟರಿನಿಂದಲೇ ತೆಗೆಯಬಹುದಾದವು. ಮೊದಲ ಸಿಸೇರಿಯನ್ನಿನ ಡಿಸ್ಚಾರ್ಜ್ ಚೀಟಿಯಲ್ಲಿ ಗರ್ಭಕೋಶದ ಕೊಯ್ತ ಅಡ್ಡವೋ ಉದ್ದವೋ, ಎಷ್ಟು ಸೆಂಟಿಮೀಟರ್ ತೆರೆದಾಗ, ಯಾವ ಕಾರಣಕ್ಕೆ ಆಪರೇಷನ್ ಆಯಿತು ಎಂದು ಮೂರು ಸಾಲು ಬರೆದುಕೊಟ್ಟರೆ ಮುಂದಿನ ವೈದ್ಯರಿಗೆ ಯಾವ ಕ್ಯಾಲ್ಕುಲೇಟರಿಗಿಂತಲೂ ಹೆಚ್ಚು ತಿಳಿಯುತ್ತದೆ. ಬಸುರಿಯೂ ಅವಳ ತಾಯಿಯೂ ಕೇಳಿ ಪಡೆದುಕೊಳ್ಳಬೇಕಾದದ್ದು ಆ ಚೀಟಿಯನ್ನು.