‘ರೋಗಭಾರ’ವೆಂಬ ಮಾನದ ವಿಮರ್ಶೆ

ವ್ಯಾಧಿಗಳಿಂದಲೂ ಅಪಘಾತಗಳಿಂದಲೂ ಜನಸಮುದಾಯಕ್ಕೆ ಒದಗುವ ಹಾನಿಯನ್ನು ಒಂದೇ ಮಾನದಿಂದ ಅಳೆಯಬೇಕೆಂಬ ಪ್ರಯತ್ನವು ವಿಶ್ವಬ್ಯಾಂಕಿನವರು ೧೯೯೩ರಲ್ಲಿ ಹೊರಡಿಸಿದ ವಾರ್ಷಿಕ ವರದಿಯಿಂದ ಪ್ರಸಿದ್ಧಿಗೆ ಬಂದಿತು. ಕ್ರಿಸ್ಟೊಫರ್ ಮರ್ರೆ ಮತ್ತು ಅಲನ್ ಲೋಪೆಜ್ ಎಂಬ ವಿದ್ವಾಂಸರು ೧೯೯೬ರಲ್ಲಿ ಸಂಪಾದಿಸಿ ಪ್ರಕಟಿಸಿದ ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ಎಂಬ ಬೃಹದ್ಗ್ರಂಥವು ಅದಕ್ಕೆ ಶಾಸ್ತ್ರರೂಪವನ್ನು ಕೊಟ್ಟಿತು. ಈ ಹೆಸರನ್ನು ಕನ್ನಡದಲ್ಲಿ ‘ಜಾಗತಿಕ ರೋಗಭಾರ’ ಎನ್ನಬಹುದು. ಅಂದಿನಿಂದ ಸರ್ಕಾರಗಳ ಆರೋಗ್ಯನೀತಿಯು ಬಹುಮಟ್ಟಿಗೆ ಈ ಮಾನವನ್ನೇ ಅನುಸರಿಸಿ ನಡೆಯುತ್ತಿರುವುದರಿಂದ, ಅದರ ಗುಣದೋಷಗಳ ಪರಿಶೀಲನೆಯು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ. ಶಬ್ದಾರ್ಥಗಳನ್ನು ತೂಗಿ ನೋಡುವವರಿಗೂ ಇಲ್ಲಿ ಕೆಲಸವುಂಟು. ಏಕೆಂದರೆ ಭಾರವೆಂದೊಡನೆ ಹೊರುವವನೊಬ್ಬನು ಇರಲೇಬೇಕು. ಈ ಗ್ರಂಥದಲ್ಲಿ ಅವನು ಎಲ್ಲಿದ್ದಾನೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಮೊದಲು ಮಾನದ ಸ್ವರೂಪವನ್ನು ತಿಳಿಯಬೇಕು. ಅಕಾಲಮರಣದಿಂದ ನಷ್ಟವಾದ ವರ್ಷಗಳು ಒಂದು ಭಾಗ. ರೋಗ ಅಥವಾ ಅಂಗವೈಕಲ್ಯದೊಡನೆ ಬದುಕಿದ ವರ್ಷಗಳನ್ನು ಅದರ ತೀವ್ರತೆಗೆ ತಕ್ಕ ಭಿನ್ನಾಂಕದಿಂದ ಗುಣಿಸಿದಾಗ ಬರುವುದು ಇನ್ನೊಂದು ಭಾಗ. ಇವೆರಡರ ಮೊತ್ತಕ್ಕೆ ‘ಡ್ಯಾಲಿ’ ಎಂದು ಹೆಸರು; ‘ಪರಿಷ್ಕೃತ ಜೀವಿತವರ್ಷ’ವೆಂದರೆ ಅರ್ಥವು ಸ್ಪಷ್ಟವಾದೀತು. ಪೂರ್ಣಾರೋಗ್ಯಕ್ಕೆ ಸೊನ್ನೆ, ಮರಣಕ್ಕೆ ಒಂದು. ಉಳಿದ ಅವಸ್ಥೆಗಳೆಲ್ಲವೂ ಇವುಗಳ ನಡುವೆ ಒಂದೊಂದು ಸ್ಥಾನವನ್ನು ಪಡೆಯುತ್ತವೆ.

ಈ ಗ್ರಂಥದ ಉಪಕಾರವು ಅಲ್ಪವಾದುದಲ್ಲ. ಮರಣಗಳನ್ನು ಮಾತ್ರ ಎಣಿಸುತ್ತಿದ್ದ ಹಳೆಯ ಪಟ್ಟಿಗಳಲ್ಲಿ ಮನೋವ್ಯಾಧಿ, ಕುರುಡು, ಕೀಲುನೋವುಗಳಂತಹ ಬಹುಕಾಲದ ಬಾಧೆಗಳಿಗೆ ಎಡೆಯೇ ಇರಲಿಲ್ಲ. ಖಿನ್ನತೆಯ ಕಾಯಿಲೆಯು ೧೯೯೦ರಲ್ಲಿ ಲೋಕದ ರೋಗಕಾರಣಗಳಲ್ಲಿ ನಾಲ್ಕನೆಯದಾಗಿತ್ತೆಂದು ಈ ಗ್ರಂಥವು ಲೆಕ್ಕಹಾಕಿ ತೋರಿಸಿದಾಗಲೇ ಆಡಳಿತಗಾರರ ಕಣ್ಣು ಆ ಕಡೆಗೆ ತಿರುಗಿತು. ಭಾರತದ ಪ್ರಾಂತವಾರು ಗಣನೆಯೊಂದು ೨೦೧೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ಒಟ್ಟು ರೋಗಭಾರದಲ್ಲಿ ಸಾಂಕ್ರಾಮಿಕ ರೋಗಗಳು, ಪ್ರಸೂತಿ ಮತ್ತು ಶೈಶವದ ಬಾಧೆಗಳು ಹಾಗೂ ಆಹಾರನ್ಯೂನತೆ ಇವುಗಳ ಪಾಲು ೧೯೯೦ರಲ್ಲಿ ನೂರಕ್ಕೆ ೬೧ ಇದ್ದುದು ೨೦೧೬ರಲ್ಲಿ ೩೩ಕ್ಕೆ ಇಳಿಯಿತು. ಹೃದ್ರೋಗ, ಮಧುಮೇಹ, ಅರ್ಬುದಾದಿ ಅಸಾಂಕ್ರಾಮಿಕ ವ್ಯಾಧಿಗಳ ಪಾಲು ೩೦ರಿಂದ ೫೫ಕ್ಕೂ, ಗಾಯಾಪಘಾತಗಳ ಪಾಲು ೯ರಿಂದ ೧೨ಕ್ಕೂ ಏರಿತು. ಇಷ್ಟು ದೊಡ್ಡ ಪರಿವರ್ತನೆಯು ಕಣ್ಣಿಗೆ ಬೀಳಬೇಕಾದರೆ ಇಂತಹ ಮಾನವೊಂದು ಬೇಕೇ ಬೇಕು.

ಇನ್ನು ದೋಷಗಳ ವಿಚಾರ. ಮೊದಲನೆಯದು ಭಿನ್ನಾಂಕಗಳದು. ೧೯೯೬ರ ಗ್ರಂಥದಲ್ಲಿ ಇವುಗಳನ್ನು ನಿರ್ಣಯಿಸಿದವರು ಆರೋಗ್ಯಶಾಸ್ತ್ರದ ಪರಿಣತರು. ಇಷ್ಟು ಮಂದಿ ಆರೋಗ್ಯವಂತರ ಆಯುಸ್ಸನ್ನು ಬೆಳೆಸುವುದು ಲೇಸೋ, ಅಷ್ಟು ಮಂದಿ ಕುರುಡರ ಆಯುಸ್ಸನ್ನು ಬೆಳೆಸುವುದು ಲೇಸೋ ಎಂಬಂತಹ ಪ್ರಶ್ನೆಗಳನ್ನು ಅವರಿಗೆ ಹಾಕಲಾಗಿತ್ತು. ಟ್ರೂಡೆ ಆರ್ನೆಸೆನ್ ಮತ್ತು ಎರಿಕ್ ನೂರ್ಡ್ ಎಂಬ ವಿಮರ್ಶಕರು ೧೯೯೯ರಲ್ಲಿ ಈ ಪ್ರಶ್ನಾಕ್ರಮವನ್ನೇ ಆಕ್ಷೇಪಿಸಿದರು. ವಿಕಲಾಂಗನ ಜೀವವು ಕಡಿಮೆ ಬೆಲೆಯದೆಂದು ಒಪ್ಪಿದ ಹೊರತು ಉತ್ತರ ಹೇಳಲಾಗದಂತೆ ಪ್ರಶ್ನೆಯನ್ನು ರಚಿಸಿದರೆ, ಬಂದ ಉತ್ತರವನ್ನು ಪ್ರಮಾಣವೆಂದು ಗ್ರಹಿಸುವುದು ಹೇಗೆ? ಮುಂದೆ ೨೦೧೨ರಲ್ಲಿ ಪ್ರಕಟವಾದ ಪರಿಷ್ಕರಣದಲ್ಲಿ ಪರಿಣತರನ್ನು ಬಿಟ್ಟು, ಬಾಂಗ್ಲಾದೇಶ, ಇಂಡೊನೇಷ್ಯಾ, ಪೆರು, ಟಾಂಜಾನಿಯಾ, ಅಮೆರಿಕ ಮುಂತಾದೆಡೆಗಳ ಸಾಮಾನ್ಯ ಜನರನ್ನು ವಿಚಾರಿಸಲಾಯಿತು. ಇಬ್ಬರ ಸ್ಥಿತಿಯನ್ನು ವರ್ಣಿಸಿ, ಯಾರು ಹೆಚ್ಚು ಆರೋಗ್ಯವಂತರೆಂದು ಕೇಳಲಾಯಿತು. ಆಗ ಕುರುಡಿನ ಭಿನ್ನಾಂಕವು ಸುಮಾರು ೦.೬ರಿಂದ ೦.೧೯೫ಕ್ಕೆ ಇಳಿಯಿತು. ಕಣ್ಣಿಲ್ಲದವರ ಕಷ್ಟವು ಇಷ್ಟರಲ್ಲಿ ಮೂರನೆಯ ಒಂದು ಪಾಲಿಗೆ ಇಳಿಯಿತೆಂದು ಯಾರೂ ಹೇಳರು. ಬದಲಾದುದು ಪ್ರಶ್ನೆ, ಮತ್ತು ಉತ್ತರ ಹೇಳಿದವರು. ಪರಿಷ್ಕರ್ತರು ತಾವು ಅಳೆಯುವುದು ಆರೋಗ್ಯನಷ್ಟವನ್ನೇ ಹೊರತು ಸುಖದುಃಖಗಳನ್ನಲ್ಲವೆಂದು ಸ್ಪಷ್ಟಪಡಿಸಿರುವುದು ಪ್ರಾಮಾಣಿಕವಾದ ಮಾತೇ ಸರಿ. ಆದರೆ ಹಾಗೆ ಒಪ್ಪಿದ ಮೇಲೂ ‘ಭಾರ’ವೆಂಬ ಹೆಸರನ್ನು ಉಳಿಸಿಕೊಂಡುದು ಯುಕ್ತವೆನಿಸದು, ಹೆಸರು ಹೇಳುವಷ್ಟನ್ನು ಮಾನವು ಅಳೆಯುವುದಿಲ್ಲ.

ಎರಡನೆಯ ದೋಷವು ಕಾಲಗಣನೆಯದು. ಮೂಲಗ್ರಂಥದಲ್ಲಿ ಮುಂಬರುವ ವರ್ಷಗಳ ಬೆಲೆಯನ್ನು ಸಾಲಪತ್ರದ ಲೆಕ್ಕದಂತೆ ವರ್ಷಕ್ಕೆ ನೂರಕ್ಕೆ ೩ರಂತೆ ಇಳಿಸಲಾಗಿತ್ತು. ಅದರಂತೆ ಸುಮಾರು ೨೩ ವರ್ಷಗಳಾಚೆಯ ಒಂದು ವರ್ಷವು ಅರ್ಧವರ್ಷವೆನಿಸುತ್ತದೆ. ಇದಲ್ಲದೆ ಸುಮಾರು ೨೫ನೆಯ ವಯಸ್ಸಿನ ವರ್ಷಕ್ಕೆ ಅತ್ಯಧಿಕ ಬೆಲೆಯನ್ನೂ, ಶಿಶುಗಳ ಮತ್ತು ವೃದ್ಧರ ವರ್ಷಕ್ಕೆ ಕಡಿಮೆ ಬೆಲೆಯನ್ನೂ ಕಟ್ಟಲಾಗಿತ್ತು. ತೀವ್ರಜ್ವರದ ಬಾಧೆಯು ಇಂದಿನದು. ಬಹುಕಾಲದ ವ್ಯಾಧಿಯ ಬಾಧೆಯು ಬಹುಮಟ್ಟಿಗೆ ಮುಂದಿನದು. ಐದನೆಯ ವಯಸ್ಸಿನಲ್ಲಿ ಕಾಲು ಕಳೆದುಕೊಂಡ ಮಗುವಿನ ನಲವತ್ತನೆಯ ವರ್ಷದ ಕಷ್ಟವು ಈ ಲೆಕ್ಕದಲ್ಲಿ ಬಹಳ ಹಗುರವಾಗಿಬಿಡುತ್ತದೆ. ಯಾವ ಬಾಧೆಗಳನ್ನು ಬೆಳಕಿಗೆ ತರಲು ಗ್ರಂಥವು ಹೊರಟಿತೋ ಅವನ್ನೇ ಅದರ ಗಣಿತವು ಕುಗ್ಗಿಸಿತೆಂಬುದು ವಿಪರ್ಯಾಸ. ಈ ಎರಡು ಕ್ರಮಗಳನ್ನೂ ೨೦೧೨ರ ಪರಿಷ್ಕರಣದಲ್ಲಿ ಕೈಬಿಡಲಾಯಿತು. ಆದರೆ ಅಷ್ಟರೊಳಗೆ ಹಳೆಯ ಅಂಕಗಳು ಸುಮಾರು ಎರಡು ದಶಕಗಳ ಕಾಲ ಪ್ರಮಾಣವಾಗಿ ನಡೆದುಹೋಗಿದ್ದವು.

ಮೂರನೆಯ ದೋಷವು ಇನ್ನೂ ಉಳಿದಿದೆ; ಮುಖ್ಯವಾದುದೂ ಇದೇ. ರೋಗಿಯ ವಯಸ್ಸು ಮತ್ತು ಲಿಂಗಗಳ ಹೊರತು ಬೇರಾವ ಸಂಗತಿಯನ್ನೂ ಈ ಮಾನವು ಗಣಿಸುವುದಿಲ್ಲ. ಧನಿಕನ ಜೀವಕ್ಕೂ ದರಿದ್ರನ ಜೀವಕ್ಕೂ ಸಮಾನವಾದ ಬೆಲೆಯಿರಲೆಂಬುದು ಇದರ ಸಮರ್ಥನೆ. ಈ ಆಶಯವು ಶ್ಲಾಘ್ಯವಾದುದೇ. ಆದರೂ ಸುಧೀರ್ ಆನಂದ್ ಮತ್ತು ಕಾರಾ ಹ್ಯಾನ್ಸನ್ ಅವರು ೧೯೯೭ರಲ್ಲಿ ತೋರಿಸಿದಂತೆ, ಒಂದೇ ರೋಗವು ಬೇರೆ ಬೇರೆ ಪರಿಸ್ಥಿತಿಯವರಿಗೆ ಬೇರೆ ಬೇರೆ ಕಷ್ಟವನ್ನು ತರುತ್ತದೆ. ಪರಿಸ್ಥಿತಿಯನ್ನು ಬಿಟ್ಟು ರೋಗವನ್ನು ಮಾತ್ರ ಅಳೆದರೆ ಸಮತೆಯು ತೋರಿಕೆಗೆ ಮಾತ್ರ ಉಳಿಯುತ್ತದೆ.

ಕರ್ನಾಟಕದೊಳಗಿನ ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೫ರಲ್ಲಿ ಒಂದು ವಿಚಿತ್ರವಾದ ಕೀಲುರೋಗವು ಗೋಚರಕ್ಕೆ ಬಂದಿತು. ಸೊಂಟದ ಮತ್ತು ಮೊಣಕಾಲಿನ ಕೀಲುಗಳು ನೊಂದು, ವಿಕಾರಗೊಂಡು, ರೋಗಿಯು ಕ್ರಮೇಣ ನಡೆಯಲಾರದವನಾಗುವನು. ಕೀಟನಾಶಕ ಬೆರೆತ ಗದ್ದೆಗಳ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಅನಂತರ ಇದು ಆನುವಂಶಿಕವಾದ ಅಸ್ಥಿರೋಗವೆಂದು ಸಂಶೋಧಕರು ನಿರ್ಣಯಿಸಿದರು. ರೋಗಕ್ಕೆ ತುತ್ತಾದವರಲ್ಲಿ ಬಹುಮಂದಿ ಗದ್ದೆಗಳಲ್ಲಿ ಕೂಲಿಮಾಡಿ ಜೀವಿಸುವ ದಲಿತ ಸಮುದಾಯದವರು. ನಟ್ಟಿಗೂ ಕೊಯ್ಲಿಗೂ ಬಗ್ಗಬೇಕು, ಕುಕ್ಕರಿಸಬೇಕು; ಸೊಂಟವು ಬಗ್ಗದವನಿಗೆ ಆ ದಿನದ ಕೂಲಿಯಿಲ್ಲ. ಕುರ್ಚಿಯಲ್ಲಿ ಕುಳಿತು ಬರೆಯುವವನಿಗೆ ಇದೇ ಬಾಧೆಯು ಬಂದರೆ ನೋವು ಇರುವುದು, ಸಂಬಳವು ನಿಲ್ಲದು. ಮಾನದ ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಭಿನ್ನಾಂಕ. ರೋಗಿಯನ್ನು ಎತ್ತಿ ಕೂರಿಸಲು ತನ್ನ ಕೂಲಿಯನ್ನೂ ಬಿಟ್ಟು ಮನೆಯಲ್ಲಿ ಉಳಿಯುವ ಹೆಂಡತಿಯ ಅಥವಾ ಶಾಲೆ ಬಿಡುವ ಮಗಳ ವರ್ಷಗಳು ಯಾವ ಅಂಕಣದಲ್ಲಿಯೂ ಬರುವುದಿಲ್ಲ, ಅವರು ಆರೋಗ್ಯವಂತರಷ್ಟೆ!

ಅರ್ಥಶಾಸ್ತ್ರಜ್ಞರ ಲೆಕ್ಕವು ಈ ಕೊರತೆಯನ್ನು ತುಂಬುವುದೆಂದು ಭಾವಿಸುವಂತಿಲ್ಲ. ವಿಶ್ವ ಆರ್ಥಿಕ ವೇದಿಕೆಯೂ ಹಾರ್ವರ್ಡ್ ವಿದ್ಯಾಪೀಠದ ಸಾರ್ವಜನಿಕ ಆರೋಗ್ಯಶಾಲೆಯೂ ೨೦೧೧ರಲ್ಲಿ ಹೊರಡಿಸಿದ ವರದಿಯು, ಐದು ಬಗೆಯ ಬಹುಕಾಲದ ವ್ಯಾಧಿಗಳಿಂದ ೨೦೩೦ರೊಳಗೆ ಲೋಕಕ್ಕೆ ಒಟ್ಟು ೪೭ ಲಕ್ಷ ಕೋಟಿ ಡಾಲರುಗಳ ಉತ್ಪತ್ತಿನಷ್ಟವಾದೀತೆಂದು ಅಂದಾಜು ಮಾಡಿತು. ಮಂತ್ರಿಗಳನ್ನು ಎಚ್ಚರಿಸಲು ಇಂತಹ ಅಂಕವು ಉಪಯುಕ್ತ. ಆದರೆ ಉತ್ಪತ್ತಿಯಿಂದ ನಷ್ಟವನ್ನು ಅಳೆದರೆ, ಕಡಿಮೆ ಕೂಲಿಯವನ ಕಾಯಿಲೆಯಿಂದ ಆಗುವ ನಷ್ಟವೂ ಕಡಿಮೆಯೆನಿಸುತ್ತದೆ. ವಾಸ್ತವದಲ್ಲಿ ಆ ಮನೆಗೇ ಪೆಟ್ಟು ಹೆಚ್ಚು. ಭಾರತದಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ವೆಚ್ಚದಲ್ಲಿ ಮನೆಯವರು ನೇರವಾಗಿ ತೆರುವ ಪಾಲು ೨೦೧೩-೧೪ರಲ್ಲಿ ನೂರಕ್ಕೆ ೬೪.೨ ಇದ್ದು, ೨೦೨೧-೨೨ರ ವೇಳೆಗೆ ೩೯.೪ಕ್ಕೆ ಇಳಿಯಿತೆಂದು ಸರ್ಕಾರದ ಲೆಕ್ಕಗಳು ಹೇಳುತ್ತವೆ. ಇಳಿದುದು ಸಂತೋಷ, ಆದರೆ ಮಧುಮೇಹದ ಔಷಧವನ್ನು ತಿಂಗಳು ತಿಂಗಳೂ ಕೊಳ್ಳಬೇಕಾದ ಸಂಸಾರಕ್ಕೆ ಉಳಿದ ಪಾಲೂ ಸಣ್ಣದಲ್ಲ.

ಕನ್ನಡದ ಪ್ರಾಚೀನ ಸಾಹಿತ್ಯದಲ್ಲಿ ರೋಗದ ವಿಚಾರವು ಬೇರೊಂದು ಬಗೆಯದು. ‘ವಡ್ಡಾರಾಧನೆ’ಯ ಸನತ್ಕುಮಾರ ಚಕ್ರವರ್ತಿಯು ರೂಪಿಗೆ ಹೆಸರಾದವನು, ವಿರಕ್ತನಾದ ಮೇಲೆ ರೋಗಗಳಿಗೆ ಗುರಿಯಾಗಿಯೂ ಚಿಕಿತ್ಸೆಯನ್ನು ಬಯಸದೆ ಸಹಿಸುತ್ತಾನೆ. ಜೈನಶಾಸ್ತ್ರವು ಹೇಳುವ ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಅಲ್ಲಿ ರೋಗಕ್ಕಿಂತ ಅದನ್ನು ಸಹಿಸುವ ಚೇತನವೇ ಮುಖ್ಯ. ಆದರೆ ಈ ದೃಷ್ಟಿಗೂ ಮಿತಿಯುಂಟು. ಚಕ್ರವರ್ತಿಯು ತಾನಾಗಿ ವರಿಸಿದ ಸಹನೆಯನ್ನು, ಬೇರೆ ದಾರಿಯಿಲ್ಲದೆ ನೋಯುವ ಕೂಲಿಯಾಳಿಗೆ ಆದರ್ಶವಾಗಿ ಹೇಳುವುದು ಅನ್ಯಾಯವಾದೀತು. ಹಳೆಯ ಕಥೆಯು ಹೊರುವವನನ್ನು ಕಂಡಿತು, ಹೊರೆಯನ್ನು ಇಳಿಸುವ ಉಪಾಯವನ್ನು ಕೇಳಲಿಲ್ಲ. ಹೊಸ ಗಣಿತವು ಹೊರೆಯನ್ನು ತೂಗಿತು, ಹೊರುವವನನ್ನು ನೋಡಲಿಲ್ಲ.

ಆದುದರಿಂದ ಈ ಮಾನವನ್ನು ತ್ಯಜಿಸಬೇಕೆಂದು ಹೇಳತಕ್ಕದ್ದಲ್ಲ. ಅಂಕಗಳ ಜೊತೆಯಲ್ಲಿ ರೋಗಿಯ ಕಸುಬು, ಮನೆಯ ವರಮಾನ, ಶುಶ್ರೂಷೆ ಮಾಡುವವರ ನಷ್ಟ ಇವುಗಳ ವಿವರವೂ ಪ್ರಕಟವಾಗಬೇಕು. ಭಿನ್ನಾಂಕಗಳನ್ನು ಕೊಡುವಾಗ ಯಾರನ್ನು ಏನು ಕೇಳಿ ಪಡೆದುದೆಂಬುದನ್ನೂ ಅಲ್ಲಿಯೇ ಹೇಳಬೇಕು. ಹಳಗನ್ನಡದಲ್ಲಿ ಭಾರವನ್ನು ಹೇಳುವ ‘ಪೊಱೆ’ಯೂ ಸಲಹುವುದನ್ನು ಹೇಳುವ ‘ಪೊರೆ’ಯೂ ಬೇರೆ ಬೇರೆ ಶಬ್ದಗಳು, ಶಕಟರೇಫವು ಬಳಕೆ ತಪ್ಪಿದ ಮೇಲೆ ಎರಡೂ ‘ಹೊರೆ’ಯೆಂಬ ಒಂದೇ ರೂಪಕ್ಕೆ ಬಂದವು. ಇದು ಧ್ವನಿವ್ಯತ್ಯಾಸದಿಂದಾದ ಆಕಸ್ಮಿಕವೇ ಹೊರತು ಅರ್ಥಸಂಬಂಧವಲ್ಲ. ಆದರೂ ಒಂದನ್ನು ಅಳೆಯುವವರು ಇನ್ನೊಂದನ್ನು ಮರೆಯದಿದ್ದರೆ ಹಂದಿಗೋಡಿನಂತಹ ಊರುಗಳಿಗೆ ಪ್ರಯೋಜನವಾಗುವುದು.