ಚಿತ್ರದ ಬೆನ್ನಿನ ಒಂದು ಸಾಲು

ಹಳೆಯ ಫೋಟೊ ಒಂದು ಕೈಗೆ ಬಂದರೆ ಮೊದಲು ಅದರ ಬೆನ್ನು ನೋಡಬೇಕು. ಮುಂದಿರುವ ರುಮಾಲು, ಇಳಕಲ್ ಸೀರೆ, ಸ್ಟುಡಿಯೊದ ಪರದೆ, ಮರದ ಕುರ್ಚಿ ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಬೆನ್ನ ಮೇಲೆ ಯಾರಾದರೂ ಒಂದು ಸಾಲು ಬರೆದಿಟ್ಟಿದ್ದಾರೆಯೇ ಎಂಬುದನ್ನು ಮಾತ್ರ ನಾವೇ ಹುಡುಕಬೇಕು. ಊರು, ಇಸವಿ, ಎಡದಿಂದ ಬಲಕ್ಕೆ ನಿಂತವರ ಹೆಸರು ಇಷ್ಟಿದ್ದರೆ ಆ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ದಾಖಲೆ. ಬೆನ್ನು ಖಾಲಿಯಿದ್ದರೆ, ಗುರುತಿಸಬಲ್ಲ ಕೊನೆಯ ಹಿರಿಯರು ತೀರಿಕೊಂಡ ದಿನವೇ ಅದರ ಮಾತೂ ನಿಲ್ಲುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ನಾನು ನೋಡಿದ ಹೆಚ್ಚಿನ ಫೋಟೊಗಳ ಬೆನ್ನು ಖಾಲಿ. ಈ ವಾರದ ಬರಹ ಆ ಖಾಲಿ ಬೆನ್ನಿನ ಬಗ್ಗೆ.

ಬರೆದಿಟ್ಟ ಹೆಸರಿನ ಬೆಲೆ ಎಷ್ಟೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ಊರು ನಮ್ಮ ಮಸ್ಕಿಯೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದುಗಳು. ಆ ಅರಸ ಅಶೋಕನೇ ಇರಬೇಕೆಂದು ಸಿಂಹಳದ ಇತಿವೃತ್ತಗಳ ಆಧಾರದಿಂದ ಜಾರ್ಜ್ ಟರ್ನರ್ ಸೂಚಿಸಿದ್ದರು. ಕಲ್ಲಿನ ಸಾಕ್ಷಿ ಮಾತ್ರ ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಬರಹ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಿಕೆ ಅದು. ಬಂಡೆಯ ಮೇಲೆ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ಆ ಒಂದು ಹೆಸರಿನಿಂದ ಗಿರ್ನಾರಿನಿಂದ ಒಡಿಶಾದ ಧೌಲಿಯವರೆಗಿನ ಶಾಸನಗಳಿಗೆಲ್ಲ ಒಡೆಯ ಯಾರೆಂಬುದು ಖಚಿತವಾಯಿತು. ಮಸ್ಕಿಯ ಬಂಡೆಯಲ್ಲಿ ಅಕ್ಷರ ಸವೆದಿವೆ, ಸಾಲುಗಳೂ ಕಡಿಮೆ. ಆದರೂ ಅಲ್ಲಿಯವರೆಗೆ ಸಿಕ್ಕ ಶಾಸನಗಳು ಹೇಳದೆ ಬಿಟ್ಟದ್ದನ್ನು ಅದು ಹೇಳಿತು.

ಇದಕ್ಕೆ ಜೋಡಿಯಾದ ಇನ್ನೊಂದು ಸಾಕ್ಷಿ ಕಲಬುರಗಿ ಜಿಲ್ಲೆಯಲ್ಲಿದೆ. ಭೀಮಾ ತೀರದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಅಲ್ಲಿಯ ಒಂದು ಫಲಕದಲ್ಲಿ ರಾಜ, ರಾಣಿ, ಛತ್ರಿ ಹಿಡಿದ ಪರಿಚಾರಿಕೆಯರಿದ್ದಾರೆ. ಇಂಥ ರಾಜ ರಾಣಿಯರು ನಮ್ಮ ಶಿಲ್ಪಗಳಲ್ಲಿ ಎಷ್ಟೋ ಇದ್ದಾರೆ. ಆದರೆ ಈ ಫಲಕದ ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೊ’ ಎಂದು ಕೆತ್ತಿದ್ದಾರೆ. ಅಶೋಕನ ಕಾಲದ ಮೇಲೆ ತಲೆಮಾರುಗಳು ಕಳೆದ ನಂತರ ಮಾಡಿದ ಶಿಲ್ಪ ಅದು. ನೋಡಲು ಬರುವವರಿಗೆ ಈತ ಯಾರೆಂದು ತಿಳಿಯಲಿ ಎಂದು ಆ ಶಿಲ್ಪಿ ಎರಡು ಪದ ಕೆತ್ತಿದ. ಇದು ಅಶೋಕನ ಚಿತ್ರ ಎಂದು ಇವತ್ತು ನಾವು ಹೇಳುವ ಧೈರ್ಯ ಆ ಎರಡು ಪದ ಕೊಟ್ಟದ್ದು. ರಾಯಚೂರು ಕೋಟೆಯ ಗೋಡೆಯಲ್ಲೂ ಇದೇ ಪಾಠವಿದೆ. 1294ರಲ್ಲಿ ಗೋರೆ ಗಂಗಯ್ಯರೆಡ್ಡಿ ಹಾಕಿಸಿದ ಶಾಸನದ ಚಪ್ಪಡಿ ಸುಮಾರು 41 ಅಡಿ ಉದ್ದ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ದನಗಳ ಸಾಲು ಹೂಡಿ ತಂದ ಪರಿಯ ಚಿತ್ರವನ್ನೂ ಅಲ್ಲೇ ಕಲ್ಲಿನಲ್ಲಿ ಬಿಡಿಸಿದ್ದಾರೆ. ಬರಹ ಹೆಸರು ಮತ್ತು ಕಾಲ ಹೇಳಿದರೆ, ಚಿತ್ರ ಕೆಲಸ ನಡೆದ ಬಗೆಯನ್ನು ಹೇಳುತ್ತದೆ.

ದಿನಬಳಕೆಯ ವಸ್ತುಗಳ ಮಾತಿಗೆ ಬಂದರೆ ಲಿಂಗಸುಗೂರಿಗೆ ದೊಡ್ಡ ಹಿರಿಮೆಯಿದೆ. 1842ರಲ್ಲಿ ಡಾ. ಪ್ರಿಮ್ರೋಸ್ ಎಂಬವರು ಲಿಂಗಸುಗೂರಿನಲ್ಲಿ ನಯಗೊಳಿಸಿದ ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಗುರುತಿಸಿದರು. ದಕ್ಷಿಣ ಭಾರತದ ಆದಿಮಾನವನ ಉಪಕರಣಗಳ ಬಗ್ಗೆ ದಾಖಲಾದ ಮೊದಮೊದಲ ಶೋಧಗಳಲ್ಲಿ ಇದೂ ಒಂದು. ಆದರೆ ಇತಿಹಾಸದ ಪುಸ್ತಕಗಳಲ್ಲಿ ಈ ಶೋಧಕ್ಕೆ ಸಿಗುವ ಜಾಗ ಒಂದೆರಡು ಸಾಲು ಮಾತ್ರ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಕಥೆ ಬೇರೆ. ಮಸ್ಕಿ ಸೇರಿದಂತೆ ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ನಡೆದಾಡಿ ಅವರು ಕಲ್ಲಿನ ಕೊಡಲಿ, ಮಡಕೆಚೂರು, ಮಣಿ, ಶಂಖದ ಬಳೆಯ ತುಂಡು ಹೆಕ್ಕಿದರು. ಹೆಕ್ಕಿದ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಸಿಕ್ಕ ಊರಿನ ಹೆಸರು ಬರೆದಿಟ್ಟರು. 1904ರಲ್ಲಿ ಅವರ ಸಂಗ್ರಹವನ್ನು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 1912ರಲ್ಲಿ ಫೂಟ್ ತೀರಿಕೊಂಡರು. ಊರುವಾರು ಜೋಡಿಸಿದ ಅವರ ಪಟ್ಟಿ ಆಮೇಲೆ ಎರಡು ಸಂಪುಟಗಳಾಗಿ ಅಚ್ಚಾಯಿತು. ಅದರಿಂದಾಗಿ ಚೆನ್ನೈನಲ್ಲಿ ಕುಳಿತ ಒಂದು ಬಳೆಚೂರು ಇಂದಿಗೂ ತಾನು ಮಸ್ಕಿಯದು ಎಂದು ಹೇಳಬಲ್ಲದು. ಊರ ಹೆಸರು ಅಳಿಸಿಹೋಗಿದ್ದರೆ ಅದು ಯಾವ ನಾಡಿನ ಬಳೆಯಾದರೂ ಆಗಬಹುದಿತ್ತು.

ಈ ಶಿಸ್ತು ಆಮೇಲೆ ಇನ್ನೂ ಬಿಗಿಯಾಯಿತು. ಮುದಗಲ್ಲಿನ ಹತ್ತಿರದ ಪಿಕಳಿಹಾಳದಲ್ಲಿ 1950ರ ದಶಕದ ಮೊದಲಲ್ಲಿ ರೇಮಂಡ್ ಆಲ್ಚಿನ್ ಅಗೆದರು. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅಗೆದರು. ಅವರ ವರದಿಗಳ ಚಿತ್ರಪುಟಗಳನ್ನು ನೋಡುವುದು ನನಗೆ ಇಂದಿಗೂ ಸಂತೋಷದ ಕೆಲಸ. ಗುಂಡಿಯ ಗೋಡೆಯ ಪಕ್ಕ ಕಪ್ಪುಬಿಳಿ ಪಟ್ಟಿಯ ಅಳತೆಗೋಲು ನಿಲ್ಲಿಸಿರುತ್ತಾರೆ. ಯಾವ ಪದರ ಯಾವುದರ ಮೇಲಿದೆ ಎಂಬುದಕ್ಕೆ ಚೀಟಿ ಸಿಕ್ಕಿಸಿರುತ್ತಾರೆ. ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ 1947ರಲ್ಲಿ ಕಲಿಸಿದ ಕ್ರಮ ಅದು. ಹೀಗೆ ತೆಗೆದ ಫೋಟೊ ನೋಡಿದರೆ ಸಾಕು, ಮುಚ್ಚಿಹೋದ ಗುಂಡಿಯನ್ನು ಮನಸ್ಸಿನಲ್ಲಿ ಮತ್ತೆ ತೆರೆಯಬಹುದು.

ಫೋಟೊದ ಶಕ್ತಿಗೆ ನಮ್ಮ ನೆರೆಯ ದೊಡ್ಡ ಉದಾಹರಣೆ ಹಂಪಿಯದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಅವು ಇಂಗ್ಲೆಂಡಿನಲ್ಲಿ ಬಹುಕಾಲ ಮರೆಯಲ್ಲಿದ್ದವು. ಬೆಳಕಿಗೆ ಬಂದ ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಇವತ್ತು ಐವತ್ತು ರೂಪಾಯಿ ನೋಟಿನ ಮೇಲೂ ಕಾಣುವ ವಿಠ್ಠಲ ಗುಡಿಯ ಕಲ್ಲಿನ ರಥದ ನೆತ್ತಿಯ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತು. ಹಾಗಿತ್ತೆಂಬುದಕ್ಕೆ ಗ್ರೀನ್‌ಲಾ ಅವರ ಚಿತ್ರವೇ ಸಾಕ್ಷಿ.

ನಮ್ಮ ಭಾಗ ನಿಜಾಮರ ಸಂಸ್ಥಾನದಲ್ಲಿದ್ದುದರಿಂದ ಇಲ್ಲಿಯ ಹಳೆಯ ಮನೆತನಗಳ ಅಲ್ಬಂಗಳಲ್ಲಿ ಹೈದರಾಬಾದ್, ಸಿಕಂದರಾಬಾದಿನ ಸ್ಟುಡಿಯೊಗಳ ಚಿತ್ರ ಸಿಗುವುದು ಸಹಜ. ಆರನೆಯ ನಿಜಾಮ ಮಹಬೂಬ್ ಅಲಿಖಾನರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನದಯಾಳ್ ತಮ್ಮ ಗಾಜಿನ ನೆಗೆಟಿವ್ ಮೇಲೆಯೇ ಸಂಖ್ಯೆ, ಶೀರ್ಷಿಕೆ ಬರೆಯುತ್ತಿದ್ದರು. ಅದು ಚಿತ್ರದ ಅಡಿಯಲ್ಲಿ ಬಿಳಿ ಅಕ್ಷರವಾಗಿ ಮೂಡುತ್ತದೆ. ಅಂಥ ಬರಹವಿಲ್ಲದ ಚಿತ್ರದ ಕಾಲವನ್ನು ಕಾಗದವೇ ಒಂದಿಷ್ಟು ಹೇಳುತ್ತದೆ. ದಪ್ಪ ರಟ್ಟಿಗೆ ಅಂಟಿಸಿದ, ತಿಳಿ ಕಂದುಬಣ್ಣದ, ತೆಳು ಕಾಗದದ ಚಿತ್ರ ಹೆಚ್ಚಾಗಿ 19ನೆಯ ಶತಮಾನದ್ದು. ಕಪ್ಪು ಭಾಗಗಳಲ್ಲಿ, ಅಂಚಿನಲ್ಲಿ ಬೆಳ್ಳಿಯ ಹೊಳಪು ಏಳುವುದು ಆಮೇಲೆ ಬಂದ ಜೆಲಟಿನ್ ಕಾಗದದ ಲಕ್ಷಣ. ಅಲೆ ಅಲೆಯಾಗಿ ಕತ್ತರಿಸಿದ ಬಿಳಿ ಅಂಚಿದ್ದರೆ 1940–50ರ ದಶಕಗಳ ಕಡೆ ನೋಡಬೇಕು. ಕೆಂಪಗೆ ತಿರುಗಿದ ಬಣ್ಣದ ಚಿತ್ರ 1970–80ರ ದಶಕಗಳದ್ದಿರಬಹುದು.

ಕಾಗದಪತ್ರಗಳಿಗೆ ಇನ್ನೊಂದು ಬೀಗವಿದೆ. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆ. ಆ ವರ್ಷ ಅದನ್ನು ಒಡೆದು, ಕೆಲವು ತಾಲ್ಲೂಕುಗಳನ್ನು ರಾಯಚೂರಿಗೂ ಕೆಲವನ್ನು ಗುಲ್ಬರ್ಗಕ್ಕೂ ಸೇರಿಸಿದರು. ಸಂಸ್ಥಾನದ ಕಚೇರಿ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಮನೆಯ ಟ್ರಂಕಿನ ಜಮೀನು ಪತ್ರವನ್ನು ಓದಲಾಗದೆ ಎಸೆದವರಿದ್ದಾರೆ. ಅದರ ಮೇಲಿನ ಇಸವಿ 1340 ಎಂದಿದ್ದರೆ ಅದು ಹೆಚ್ಚಾಗಿ ಕಂದಾಯ ಲೆಕ್ಕದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ 1930. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದುದರಿಂದ ಅದನ್ನು 1930–31 ಎಂದು ಓದಬೇಕು. ಇಷ್ಟು ತಿಳಿದರೆ ಎಷ್ಟೋ ಪತ್ರಗಳಿಗೆ, ಅವುಗಳ ಜೊತೆ ಮಡಚಿಟ್ಟ ಫೋಟೊಗಳಿಗೆ ಕಾಲ ಸಿಗುತ್ತದೆ. ಜಿಲ್ಲೆಯ ಹಳೆಯ ಸರ್ಕಾರಿ ಕಡತ ಹುಡುಕುವವರು ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದ ದಾರಿ ಹಿಡಿಯಬೇಕು.

ವಸ್ತುಗಳಿಗಂತೂ ಬೆನ್ನೂ ಇಲ್ಲ. ಅದಕ್ಕೇ ಅವುಗಳ ಮಾತನ್ನು ಇನ್ನೂ ಬೇಗ ಬರೆದುಕೊಳ್ಳಬೇಕು. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಸಿಂಧನೂರಿನ ಎರೆಹೊಲಗಳಿಗೆ ಹರಿದ ಮೇಲೆ ಜೋಳ, ಹತ್ತಿಯ ಸೀಮೆ ಭತ್ತದ ಸೀಮೆಯಾಯಿತು. ಬೆಳೆ ಬದಲಾದಾಗ ಮನೆಯೊಳಗಿನ ಸಾಮಾನೂ ಬದಲಾಗುತ್ತದೆ. ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವು ಮುಚ್ಚಿತು, ಏಕೆಂದರೆ ಭತ್ತ ಕಣದಿಂದ ನೇರ ಮಿಲ್ಲಿಗೆ ಹೋಗುತ್ತದೆ. ತೇವ ಏರಿದ ನೆಲದಲ್ಲಿ ಹಗೇವಿನ ಕಾಳು ಕೆಡುತ್ತದೆ ಕೂಡ. ಕೂರಿಗೆ ಅಟ್ಟ ಸೇರಿತು. 1956ರ ಅಳತೆ-ತೂಕದ ಕಾಯ್ದೆಯ ಮೇಲೆ ಕಿಲೊ ಬಂದು, ಪೇಟೆಯಲ್ಲಿ ಸೇರು ಪಾವುಗಳು ಹಿಂದೆ ಸರಿದವು.

ಒಂದು ಕಂದೀಲನ್ನು ತೆಗೆದುಕೊಳ್ಳಿ. ಪ್ರದರ್ಶನದಲ್ಲಿ ‘ಹಳೆಯ ಕಂದೀಲು’ ಎಂದು ಚೀಟಿ ಅಂಟಿಸಿದರೆ ಅದು ಸಾವಿರ ಕಂದೀಲುಗಳಲ್ಲಿ ಒಂದು. ಅದರ ಬಳಕೆ ತಿಳಿದರೆ ಮಾತು ಬೇರೆ. ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು. ಕಾಳಿನ ಉಸಿರಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕಾಗಿ ಮೊದಲು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಮನೆಯ ಕಂದೀಲು ಆ ಕೆಲಸಕ್ಕೂ ಬಳಕೆಯಾಗಿತ್ತೆಂದು ಮನೆಯ ಅಜ್ಜಿ ಹೇಳಿದರೆ, ಆ ಮಾತು ಚೀಟಿಯ ಮೇಲೆ ಬರಬೇಕು. ಆಗ ಆ ಕಂದೀಲು ಒಂದು ಇಡೀ ಜೋಳದ ಸೀಮೆಯ ಬದುಕನ್ನು ಹೇಳುತ್ತದೆ. ಕೂರಿಗೆಯಾದರೆ ಎಷ್ಟು ತಾಳಿನದು, ಯಾವ ಬೀಜ ಬಿತ್ತುತ್ತಿದ್ದರು, ಬಟ್ಟಲು ಕೆತ್ತಿದ ಬಡಿಗೇರರು ಯಾವ ಊರಿನವರು ಎಂದು ಕೇಳಬೇಕು. ಕೌದಿಯಾದರೆ ಯಾರು ಹೊಲಿದದ್ದು, ಯಾವ ಮದುವೆಗೆ, ಯಾರ್‍ಯಾರ ಸೀರೆಯ ತುಂಡು ಎಂದು ಕೇಳಬೇಕು. ಗುರುತಿಲ್ಲದ ವಸ್ತು ಹೆಸರು ಹಚ್ಚದ ಬಿತ್ತನೆ ಬೀಜದ ಗಂಟಿನಂತೆ. ಒಳಗೆ ಜೀವವಿದ್ದರೂ ಯಾವ ಹೊಲಕ್ಕೆ ಹಾಕಬೇಕೆಂದು ಯಾರಿಗೂ ತಿಳಿಯದು.

ಕಾಲುವೆ ತಂದ ಹೊಸ ಜನರ ವಸ್ತುಗಳೂ ಈ ಲೆಕ್ಕಕ್ಕೆ ಸೇರಬೇಕು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ. ಸಿಂಧನೂರಿನ ಹತ್ತಿರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳಿವೆ. ಗಡಿ ದಾಟುವಾಗ ಹಿಡಿದು ತಂದ ಒಂದು ಚೊಂಬು, ಶಿಬಿರದಲ್ಲಿ ಸಿಕ್ಕ ಒಂದು ಗುರುತುಪತ್ರ ಈ ತಾಲ್ಲೂಕಿನ ಇತಿಹಾಸವೇ. ಅವರ ಹಿರಿಯರ ನೆನಪನ್ನು ಬಂಗಾಳಿಯಲ್ಲೂ ಕನ್ನಡದಲ್ಲೂ ಬರೆದಿಡಬೇಕು.

ಮನೆಯಲ್ಲೇ ಮಾಡಬಹುದಾದ ಕೆಲಸ ಸರಳವಾಗಿದೆ. ಫೋಟೊದ ಬೆನ್ನಿಗೆ ಬಾಲ್‌ಪೆನ್ ಒತ್ತಬಾರದು, ಶಾಯಿ ಮುಂದಕ್ಕೆ ಇಳಿಯುತ್ತದೆ, ಗೀರು ಮೂಡುತ್ತದೆ. ಮೆದು ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಬೇಕು. ಪ್ಲಾಸ್ಟಿಕ್ ಲೇಪದ ಹೊಸ ಕಾಗದಕ್ಕೆ ಪೆನ್ಸಿಲ್ ಹತ್ತದಿದ್ದರೆ ಲಕೋಟೆಯ ಮೇಲೆ ಮೊದಲೇ ಬರೆದು ಫೋಟೊ ಒಳಗಿಡಬೇಕು. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗದು. ಅಂಟುಹಾಳೆಯ ಅಲ್ಬಂ ಕೂಡ ಚಿತ್ರವನ್ನು ತಿನ್ನುತ್ತದೆ. ಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಕೀಳದೆ, ಗಾಜಿನ ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ. ಬಿಸಿಲು ಬೀಳುವ ಗೋಡೆಯಿಂದ ಇಳಿಸಿ. ಮೊಬೈಲಿನಲ್ಲಿ ಚಿತ್ರದ ಎರಡೂ ಮುಖ ತೆಗೆದು, ಹಿರಿಯರು ಹೆಸರು ಹೇಳುವ ದನಿಯನ್ನೂ ಅದರ ಜೊತೆಗೇ ಉಳಿಸಿ.

ಊರು ಒಟ್ಟಾಗಿ ಮಾಡಬೇಕಾದ ಕೆಲಸವೂ ಒಂದಿದೆ. ನಮ್ಮ ಮೂರು ತಾಲ್ಲೂಕುಗಳ ವಸ್ತುಗಳು ಚೆನ್ನೈನಲ್ಲಿವೆ, ದಾಖಲೆಗಳು ಹೈದರಾಬಾದಿನಲ್ಲಿವೆ, ಅಗೆತದ ಚಿತ್ರಗಳು ವರದಿಗಳ ಪುಟಗಳಲ್ಲಿವೆ. ಅವನ್ನೆಲ್ಲ ವಾಪಸು ತರುವ ಮಾತು ದೊಡ್ಡದು, ಅದಕ್ಕೆ ಕಾಯುತ್ತ ಕೂರಬೇಕಿಲ್ಲ. ಏನು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಈಗಲೇ ಕನ್ನಡದಲ್ಲಿ ಮಾಡಬಹುದು. ಫೂಟ್ ಅವರ ಪಟ್ಟಿಯಿಂದ ಮಸ್ಕಿ, ಲಿಂಗಸುಗೂರು ಸುತ್ತಿನ ನಮೂದುಗಳು, ಥಾಪರ್ ಮತ್ತು ಆಲ್ಚಿನ್ ವರದಿಗಳ ಚಿತ್ರಗಳ ವಿವರ, ಮನೆಮನೆಯ ಫೋಟೊ ಮತ್ತು ಸಾಮಾನುಗಳ ಗುರುತು ಇವನ್ನು ಒಂದೇ ದಪ್ಪ ವಹಿಯಲ್ಲಿ ಬರೆಯಲಿ. ಮೂರು ಪ್ರತಿ ಮಾಡಿ ಮೂರೂ ತಾಲ್ಲೂಕು ಕೇಂದ್ರಗಳ ಗ್ರಂಥಾಲಯದಲ್ಲಿ ಇಡಲಿ. ಕಾಲೇಜಿನ ಇತಿಹಾಸ ವಿಭಾಗದ ಹುಡುಗ ಹುಡುಗಿಯರು ಒಂದು ವರ್ಷ ಮನಸ್ಸಿಟ್ಟರೆ ಆಗುವ ಕೆಲಸ ಇದು. ಕೇಳಿದರೆ ಹೇಳುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ಮನೆಮನೆಯ ಪುಟಗಳನ್ನೇ ಮೊದಲು ತುಂಬಿಸಿ.