ಬಂಪರ್ ನೋಡಿ ಮೈ ಅಳೆಯುವವರು

ಹೊಸ ಕಾತ್ರಜ ಸುರಂಗ ದಾಟಿದ ಮೇಲೆ ಬೆಂಗಳೂರು–ಮುಂಬೈ ಹೆದ್ದಾರಿ ನವಲೆ ಸೇತುವೆಯವರೆಗೆ ಒಂದೇ ಸಮನೆ ಇಳಿಯುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಬರುವ ನಮ್ಮವರ ದಾರಿಯೂ ಇದೇ. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಹತೋಟಿ ತಪ್ಪಿದ ಒಂದೇ ಲಾರಿ ಹತ್ತಾರು ವಾಹನಗಳನ್ನು ಜಜ್ಜಿಹಾಕಿತು. 2025ರ ನವೆಂಬರಿನಲ್ಲಿ ನವಲೆ ಸೇತುವೆಯ ಬಳಿ ಕಂಟೇನರ್ ಲಾರಿ ನುಗ್ಗಿದಾಗ ಹಲವರು ಜೀವ ಕಳೆದುಕೊಂಡರು.

ನನ್ನ ತಕರಾರು ಇರುವುದು ಸುದ್ದಿಯಾಗದ ಅಪಘಾತಗಳ ಬಗ್ಗೆ. ಹಿಂದಿನಿಂದ ಗುದ್ದು ಬೀಳುತ್ತದೆ. ಕಾರಿನವರು ಇಳಿದು ಮೊದಲು ಬಂಪರ್ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಗುದ್ದಿದವನ ಜೊತೆ ಜಗಳವಾಡಿ ಇಷ್ಟು ಅಷ್ಟು ಎಂದು ಚೌಕಾಸಿಗೆ ಇಳಿಯುತ್ತಾರೆ. ಎಲ್ಲ ಮುಗಿದ ಮೇಲೆ ‘ಯಾರಿಗೂ ಏನೂ ಆಗಿಲ್ಲವಲ್ಲ?’ ಎಂಬ ಪ್ರಶ್ನೆ ಬರುತ್ತದೆ. ರಕ್ತ ಕಾಣದಿದ್ದರೆ ಏನೂ ಆಗಿಲ್ಲವೆಂದೇ ಲೆಕ್ಕ. ‘ಊರು ಮುಟ್ಟಿ ನಮ್ಮ ಡಾಕ್ಟರಿಗೇ ತೋರಿಸಿದರಾಯಿತು’ ಎಂದು ಗಾಡಿ ಹತ್ತುತ್ತಾರೆ.

ಈ ರೂಢಿಯನ್ನು ಪೂರ್ತಿ ತಳ್ಳಿಹಾಕಲಾರೆ. ಸಣ್ಣ ಗುದ್ದಿನಲ್ಲಿ ಬಹುಪಾಲು ಆಗುವುದು ಕತ್ತು, ಬೆನ್ನಿನ ಸ್ನಾಯುಗಳ ಉಳುಕು. ಮರುದಿನ ನೋವು ಹೆಚ್ಚುತ್ತದೆ, ಮೆಲ್ಲಗೆ ಓಡಾಡಿಕೊಂಡಿದ್ದರೆ ತಾನಾಗಿ ಇಳಿಯುತ್ತದೆ. ಎಲ್ಲರಿಗೂ ಸಿ.ಟಿ. ಸ್ಕ್ಯಾನ್ ಬೇಕಿಲ್ಲ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ನಾವು ಹಿಡಿದಿರುವ ಅಳತೆಗೋಲೇ ತಪ್ಪು.

ಸರಿಯಾದ ಅಳತೆಗೋಲು ಇಲ್ಲವೆಂದಲ್ಲ. ಇಯನ್ ಸ್ಟೀಲ್ ಮತ್ತವರ ಸಂಗಡಿಗ ವೈದ್ಯರು ಕೆನಡಾದ 10 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 8,924 ಗಾಯಾಳುಗಳನ್ನು ನೋಡಿ 2001ರಲ್ಲಿ ‘ಕೆನಡಿಯನ್ ಸಿ-ಸ್ಪೈನ್ ರೂಲ್’ ಪ್ರಕಟಿಸಿದರು. ಪೂರ್ತಿ ಎಚ್ಚರವಿರುವ ಗಾಯಾಳುವಿನ ಕತ್ತಿಗೆ ಎಕ್ಸ್‌ರೇ ಬೇಕೇ ಎಂದು ವೈದ್ಯರು ನಿರ್ಧರಿಸಲು ಮಾಡಿದ ನಿಯಮ ಇದು. ಕೇಳುವ ಪ್ರಶ್ನೆಗಳು ಸರಳ. ವಯಸ್ಸು 65 ಆಗಿದೆಯೇ? ಕೈಕಾಲು ಜುಮುಗುಡುತ್ತಿವೆಯೇ? ಗಾಡಿ ಪಲ್ಟಿಯಾಯಿತೇ, ಒಳಗಿದ್ದವರು ಹೊರಗೆ ಎಸೆಯಲ್ಪಟ್ಟರೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ಚಿತ್ರ ತೆಗೆಯಲೇಬೇಕು. ಯಾವುದೂ ಇಲ್ಲದೆ, ಅಪಾಯ ಕಡಿಮೆ ಎನ್ನಲು ಒಂದಾದರೂ ಕಾರಣವಿದ್ದರೆ ಮಾತ್ರ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಿ ನೋಡಲು ಹೇಳುತ್ತಾರೆ. ಬಂಪರಿನ ಪ್ರಸ್ತಾಪ ಎಲ್ಲೂ ಇಲ್ಲ.

ನನಗೆ ಬಹಳ ಮುಖ್ಯವೆನಿಸಿದ್ದು ಅದರ ಒಂದು ಉಪಷರತ್ತು. ಹಿಂದಿನಿಂದ ಬಿದ್ದ ಸಾದಾ ಗುದ್ದನ್ನು ಆ ನಿಯಮ ಕಡಿಮೆ ಅಪಾಯದ್ದೆಂದು ಎಣಿಸುತ್ತದೆ. ಆದರೆ ಗುದ್ದಿದ್ದು ಬಸ್ಸೋ ದೊಡ್ಡ ಲಾರಿಯೋ ಆಗಿದ್ದರೆ, ಗುದ್ದಿದ ವಾಹನ ಅತಿವೇಗದಲ್ಲಿದ್ದರೆ, ಗುದ್ದಿನ ರಭಸಕ್ಕೆ ಕಾರು ಎದುರು ಬರುವ ವಾಹನಗಳತ್ತ ತಳ್ಳಲ್ಪಟ್ಟಿದ್ದರೆ ಅದನ್ನು ಸಾದಾ ಎನ್ನುವುದಿಲ್ಲ. ಕಾತ್ರಜದ ಇಳಿಜಾರಿನಲ್ಲಿ ಹಿಂದಿನಿಂದ ಬರುವುದು ಬಹಳ ಸಲ ಲಾರಿಯೇ! ‘ಹಿಂದೆ ಸ್ವಲ್ಪ ತಗುಲಿತು ಅಷ್ಟೇ’ ಎಂಬ ಮಾತು ಈ ರಸ್ತೆಗೆ ಹೊಂದುವುದಿಲ್ಲ.

ಈ ನಿಯಮಕ್ಕೂ ಮಿತಿಯಿದೆ. ಅದು ಹೇಳುವುದು ಕತ್ತಿನ ಮಾತು ಮಾತ್ರ. ತಲೆಗೆ ಪೆಟ್ಟು ಬಿದ್ದವರು ಒಂದೆರಡು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು, ಆಮೇಲೆ ಕುಸಿಯುವುದುಂಟು. ಬುರುಡೆಯೊಳಗೆ ರಕ್ತ ಅಷ್ಟು ಹೊತ್ತೂ ಶೇಖರವಾಗುತ್ತಿರುತ್ತದೆ. 2009ರ ಮಾರ್ಚಿನಲ್ಲಿ ಕೆನಡಾದಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದ ನಟಿ ನತಾಶಾ ರಿಚರ್ಡ್‌ಸನ್ ಮೊದಲು ವೈದ್ಯರ ನೆರವೇ ಬೇಡವೆಂದರು. ಎರಡು ದಿನಕ್ಕೆ ತೀರಿಕೊಂಡರು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಕೇಳಿದ್ದನ್ನೇ ಕೇಳುವುದು, ಮೂಗು ಕಿವಿಯಿಂದ ನೀರಿಳಿಯುವುದು ಕಂಡರೆ ಕಾಯುವ ಮಾತೇ ಇಲ್ಲ. ಉಸಿರಾಡಲು ಕಷ್ಟವಾದರೆ, ಸೀಟ್‌ಬೆಲ್ಟಿನ ಬರೆ ಹೊಟ್ಟೆಯ ಮೇಲೆ ಮೂಡಿ ನೋವು ಶುರುವಾದರೆ ಆಗಲೂ ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರ ತಲೆಗೆ ಪೆಟ್ಟಾಗಿದ್ದರೆ, ಗರ್ಭಿಣಿಯರು ಕಾರಿನಲ್ಲಿದ್ದರೆ, ಏನೂ ಅನಿಸದಿದ್ದರೂ ತೋರಿಸಬೇಕು.

ಆದ್ದರಿಂದಲೇ ‘ಊರು ಮುಟ್ಟಿ ನೋಡೋಣ’ ಎನ್ನುವುದು ಈ ರೂಢಿಯ ಅತಿ ಕೆಟ್ಟ ಭಾಗ. ಪುಣೆಯಿಂದ ಹುಬ್ಬಳ್ಳಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ನಿಗಾ ಇಡಬೇಕಾದ ಹೊತ್ತಿನಲ್ಲೇ ಗಾಯಾಳು ಹಿಂದಿನ ಸೀಟಿನಲ್ಲಿ ಮಲಗಿರುತ್ತಾರೆ. ಅದು ದಣಿವಿನ ನಿದ್ದೆಯೋ ಮಿದುಳಿನ ಮಂಪರೋ ಎಂದು ಸ್ಟಿಯರಿಂಗ್ ಹಿಡಿದವರಿಗೆ ಹೇಗೆ ತಿಳಿಯಬೇಕು? ಕಾತ್ರಜಕ್ಕೆ ಹೊಂದಿಕೊಂಡ ಧನಕವಡಿಯಲ್ಲೇ ಭಾರತಿ ಆಸ್ಪತ್ರೆಯಿದೆ, ಪುಣೆ ಸ್ಟೇಷನ್ ಬಳಿ ಸರ್ಕಾರಿ ಸಸೂನ್ ಇದೆ.

ಪರವೂರಿನಲ್ಲಿ ಪೊಲೀಸ್ ಕೇಸು, ಆಸ್ಪತ್ರೆ ಬಿಲ್ಲು ಎಂಬ ಅಂಜಿಕೆ ನಿಜವಾದದ್ದೇ. ಆದರೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮೀರದಂತೆ, ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಲಾರಿ ಗುದ್ದಿದ್ದರೆ, ತಲೆಗೆ ಪೆಟ್ಟಾಗಿದ್ದರೆ ದಯವಿಟ್ಟು ಆ ರಾತ್ರಿ ಪ್ರಯಾಣ ಮುಂದುವರಿಸಬೇಡಿ. ಆಂಬುಲೆನ್ಸ್ ಕರೆಯುವ ಸಂಖ್ಯೆ ಮಹಾರಾಷ್ಟ್ರದಲ್ಲೂ ನಮ್ಮಲ್ಲಿಯ ಹಾಗೆ 108.